ಕೀಮೋಗೆ ಮುಂಚೆ ಅಂಡಾಣು ತೆಗೆದಿಡುವುದು ಹೇಗೆ?

ಕ್ಯಾನ್ಸರ್ ಎಂದು ಗೊತ್ತಾದ ವಾರ ಮನೆಯವರಿಗೆಲ್ಲ ಒಂದೇ ಚಿಂತೆ: ಚಿಕಿತ್ಸೆ ಬೇಗ ಶುರುವಾಗಲಿ. ಮಕ್ಕಳ ಮಾತು ಬರುವುದು ಎರಡು ಮೂರು ಕೀಮೋ ಮುಗಿದು ಮುಟ್ಟು ನಿಂತಾಗ. ಸೈಕ್ಲೋಫಾಸ್ಫಮೈಡ್‌ನಂಥ ಕೀಮೋ ಔಷಧ ಅಷ್ಟರಲ್ಲಿ ಅಂಡಾಶಯದಲ್ಲಿನ ಅಂಡಾಣುಗಳ ದಾಸ್ತಾನು ಕರಗಿಸಿರುತ್ತದೆ. ಕೀಮೋ ನಡುವೆ ಅಂಡಾಣು ತೆಗೆಯಲು ವೈದ್ಯರೂ ಒಪ್ಪುವುದಿಲ್ಲ. ಹಾಗಾಗಿ ಎಲ್ಲವೂ ಮೊದಲ ಕೀಮೋಗೆ ಮುಂಚೆಯೇ ಆಗಬೇಕು. ಇಲ್ಲಿ ಹೇಳುವುದು ಸ್ತನ ಕ್ಯಾನ್ಸರ್ ಲೆಕ್ಕ. ತುರ್ತಾಗಿ ಕೀಮೋ ಬೇಕಾದ ರಕ್ತದ ಕ್ಯಾನ್ಸರ್‌ನಲ್ಲಿ ಇಷ್ಟು ಸಮಯವೇ ಸಿಗದಿರಬಹುದು.

1. ಬಯಾಪ್ಸಿ ರಿಪೋರ್ಟ್ ಬಂದ ದಿನವೇ ಕ್ಯಾನ್ಸರ್ ವೈದ್ಯರನ್ನು ಕೇಳಿ: ನನಗೆ ಕೊಡುವ ಔಷಧದಿಂದ ಅಂಡಾಶಯಕ್ಕೆ ಎಷ್ಟು ಹೊಡೆತ? ಕೀಮೋಗೆ ಎರಡು ವಾರ ಕಾಯಬಹುದೇ? ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಗಡ್ಡೆಗೆ ಹಾರ್ಮೋನ್ ಗ್ರಾಹಕ ಇದೆಯೋ ಇಲ್ಲವೋ, ಅಂದರೆ ಈಸ್ಟ್ರೋಜನ್‌ನಂಥ ಹಾರ್ಮೋನಿನಿಂದ ಅದು ಬೆಳೆಯುತ್ತದೆಯೋ ಎಂಬುದೂ ಅದರಲ್ಲಿರಲಿ.

2. ಅಂಡಾಣು ದಾಸ್ತಾನು ಎಷ್ಟಿದೆ ಎಂದು ಅಂದಾಜಿಸುವ ಎಎಂಎಚ್ ರಕ್ತ ಪರೀಕ್ಷೆ, ಅಂಡಾಶಯದ ಸ್ಕ್ಯಾನ್, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ. ಎಲ್ಲ ಒಂದೇ ದಿನ ಮುಗಿಸಿ.

3. ಏನು ಇಡಬೇಕು? ಮದುವೆಯಾಗದವರಿಗೆ ಅಂಡಾಣು. ಮದುವೆಯಾದವರೂ ಸ್ವಲ್ಪವಾದರೂ ಅಂಡಾಣುವಾಗಿಯೇ ಇಡಿ; ಎಲ್ಲವನ್ನೂ ಭ್ರೂಣ ಮಾಡಿಸಿದರೆ ಮುಂದೆ ಬಳಸಲು ಇಬ್ಬರ ಒಪ್ಪಿಗೆಯೂ ಬೇಕಾಗುತ್ತದೆ. ಇನ್ನೂ ಮೈನೆರೆಯದ ಹುಡುಗಿಯರಿಗೆ ಇರುವ ದಾರಿ ಅಂಡಾಶಯದ ತುಣುಕು ತೆಗೆದಿಡುವುದು. ಅದಕ್ಕೆ ಇಂಜೆಕ್ಷನ್ ಬೇಡ, ಲ್ಯಾಪರೋಸ್ಕೋಪಿ (ಹೊಟ್ಟೆಗೆ ಚಿಕ್ಕ ರಂಧ್ರ ಮಾಡಿ ನಡೆಸುವ ಶಸ್ತ್ರಚಿಕಿತ್ಸೆ) ಸಾಕು.

4. ಕೆಲಸ ಕೆಡುವುದು ಹಲವು ಅಂಡಾಣುಗಳನ್ನು ಒಟ್ಟಿಗೆ ಬೆಳೆಸಲು ದಿನಾ ಕೊಡುವ ಇಂಜೆಕ್ಷನ್ ಹಂತದಲ್ಲಿ. 'ಮುಟ್ಟಿನ ಎರಡನೇ ದಿನ ಬನ್ನಿ' ಎಂದು ಕ್ಲಿನಿಕ್‌ನವರು ಹೇಳಿದರೆ ಬೇರೆ ಕಡೆ ಹೋಗಿ. ಕ್ಯಾನ್ಸರ್ ಇದ್ದವರಿಗೆ ತಿಂಗಳ ಯಾವ ದಿನ ಬೇಕಾದರೂ ಶುರು ಮಾಡಬಹುದು. ಸುಮಾರು 10ರಿಂದ 14 ದಿನ ಹಿಡಿಯುತ್ತದೆ. ಹಾರ್ಮೋನ್ ಗ್ರಾಹಕ ಇರುವ ಗಡ್ಡೆಯಾದರೆ ಈಸ್ಟ್ರೋಜನ್ ಏರದಂತೆ ಲೆಟ್ರೋಜೋಲ್ ಮಾತ್ರೆಯನ್ನೂ ಜೊತೆಗೆ ಕೊಡುತ್ತಾರೆ, ಸಾಮಾನ್ಯವಾಗಿ ದಿನಕ್ಕೆ 5 ಮಿಲಿಗ್ರಾಂ. ಕೊಡದಿದ್ದರೆ ಯಾಕೆ ಎಂದು ಕೇಳಿ.

ಪೆನ್ ರೂಪದ ಇಂಜೆಕ್ಷನ್ ಫ್ರಿಜ್‌ನ ನಡುವಿನ ತಟ್ಟೆಯಲ್ಲಿರಲಿ, 2ರಿಂದ 8 ಡಿಗ್ರಿ. ಬಸ್ಸಿನಲ್ಲಿ ಒಯ್ಯುವಾಗ ಐಸ್‌ಗೆ ನೇರವಾಗಿ ತಾಗಿಸಬೇಡಿ; ಹೆಪ್ಪುಗಟ್ಟಿದ ಔಷಧ ಕೆಲಸಕ್ಕೆ ಬಾರದು. ಪುಡಿ ರೂಪದ್ದಾದರೆ ದ್ರಾವಣ ಹಾಕಿ ಬಾಟಲನ್ನು ಅಂಗೈ ನಡುವೆ ಮೆಲ್ಲಗೆ ಹೊರಳಿಸಿ. ಕುಲುಕಿದರೆ ನೊರೆ ಬಂದು ಪೂರ್ತಿ ಡೋಸ್ ಸಿರಿಂಜ್‌ಗೆ ಬರುವುದಿಲ್ಲ. ಹೊಕ್ಕುಳಿಂದ ಎರಡು ಬೆರಳಗಲ ದೂರದಲ್ಲಿ, ದಿನಕ್ಕೊಂದು ಬದಿ, ದಿನಾ ಒಂದೇ ಹೊತ್ತಿಗೆ ಚುಚ್ಚಿ. ನಡುವೆ ಸೆಟ್ರೋರೆಲಿಕ್ಸ್ ಸೇರಿಸುತ್ತಾರೆ. ಅದನ್ನು ತಪ್ಪಿಸಿದರೆ ಅಂಡಾಣು ತೆಗೆಯುವ ಮೊದಲೇ ಬಿಡುಗಡೆಯಾಗಿ ಎಲ್ಲ ವ್ಯರ್ಥ.

ಕೊನೆಯದು ಅಂಡಾಣುವನ್ನು ಪೂರ್ತಿ ಬಲಿಯಿಸುವ ಟ್ರಿಗರ್ ಇಂಜೆಕ್ಷನ್. ಇದಕ್ಕೆ ಗಡಿಯಾರವೇ ಯಜಮಾನ. ಸೋಮವಾರ ರಾತ್ರಿ 10.30ಕ್ಕೆ ಕೊಟ್ಟರೆ ಬುಧವಾರ ಬೆಳಿಗ್ಗೆ 9.30ರ ಹೊತ್ತಿಗೆ, ಅಂದರೆ 35 ಗಂಟೆಗೆ, ಅಂಡಾಣು ತೆಗೆಯುತ್ತಾರೆ. ಎರಡು ಗಂಟೆ ತಡವಾಗಿ ಚುಚ್ಚಿದರೆ ಬೈಸಿಕೊಳ್ಳುವ ಭಯಕ್ಕೆ ಮುಚ್ಚಿಡಬೇಡಿ, ರಾತ್ರಿಯೇ ಫೋನ್ ಮಾಡಿ. ಅವರು ತೆಗೆಯುವ ವೇಳೆಯನ್ನು ಮುಂದೂಡುತ್ತಾರೆ. ಹೇಳದೆ ಹೋದರೆ ಬಲಿಯದ ಅಂಡಾಣು ಸಿಗುತ್ತದೆ. ಟ್ರಿಗರ್‌ಗೆ ಎಚ್‌ಸಿಜಿ ಎಂಬ ಹಾರ್ಮೋನ್ ಬದಲು ಲ್ಯೂಪ್ರೋಲೈಡ್ ಅಥವಾ ಟ್ರಿಪ್ಟೋರೆಲಿನ್ ಆಗಬಹುದೇ ಎಂದು ಕೇಳಿ. ಎಚ್‌ಸಿಜಿಯಿಂದ ಅಂಡಾಶಯ ಅತಿಯಾಗಿ ಊದಿ ಹೊಟ್ಟೆಯಲ್ಲಿ ನೀರು ತುಂಬುವ ಅಪಾಯ ಹೆಚ್ಚು, ಹಾಗಾದರೆ ಕೀಮೋ ಮುಂದೆ ಹೋಗುತ್ತದೆ.

ಅಂದಹಾಗೆ, 'ಅಂಡಾಣು ಗುಣಮಟ್ಟ ಹೆಚ್ಚಿಸುವ' ಪುಡಿ, ಟಾನಿಕ್‌ಗಳಿಗೆ ದುಡ್ಡು ಹಾಕಬೇಡಿ. ಎರಡು ವಾರದಲ್ಲಿ ಅವು ಏನನ್ನೂ ಬದಲಿಸವು. ಡಿಎಚ್‌ಇಎ ಎಂಬ ಹಾರ್ಮೋನ್ ಇರುವ ಮಾತ್ರೆಯಂತೂ ಹಾರ್ಮೋನ್ ಗ್ರಾಹಕದ ಗಡ್ಡೆ ಇದ್ದವರು ಮುಟ್ಟಲೇಬಾರದು, ದೇಹದಲ್ಲಿ ಅದು ಈಸ್ಟ್ರೋಜನ್ ಆಗುತ್ತದೆ. ಇನ್ನು ಕೀಮೋ ಉದ್ದಕ್ಕೂ ಅಂಡಾಶಯವನ್ನು ತಾತ್ಕಾಲಿಕವಾಗಿ ಸುಮ್ಮನಿರಿಸಲು 28 ದಿನಕ್ಕೊಮ್ಮೆ ಕೊಡುವ ಗೋಸರೆಲಿನ್ ಇಂಜೆಕ್ಷನ್ ಒಂದೇ ಸಾಕು ಎನ್ನುವವರಿದ್ದಾರೆ. ಅದು ಹೆಚ್ಚುವರಿ ರಕ್ಷಣೆ ಮಾತ್ರ, ತೆಗೆದಿಡುವುದಕ್ಕೆ ಬದಲಿಯಲ್ಲ. ಕೊಡುವುದಾದರೂ ಮೊದಲ ಕೀಮೋಗೆ ಒಂದು ವಾರ ಮುಂಚೆಯಾದರೂ ಕೊಡಬೇಕು.

5. ಅಂಡಾಣು ತೆಗೆಯುವುದು ಅರಿವಳಿಕೆಯಲ್ಲಿ ಅರ್ಧ ಗಂಟೆಯ ಕೆಲಸ. ಸಂಜೆಗೆ ಮನೆಗೆ ಬರಬಹುದು. ತೊಂದರೆಯಿಲ್ಲದಿದ್ದರೆ ಕೆಲವೇ ದಿನದಲ್ಲಿ ಕೀಮೋ.

6. ಅಂಡಾಣು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿರುತ್ತದೆ, ಕಾಗದ ನಿಮ್ಮಲ್ಲಿರಬೇಕು. ಕ್ಲಿನಿಕ್ 2021ರ ಎಆರ್‌ಟಿ (ಸಂತಾನಕ್ಕೆ ನೆರವಾಗುವ ತಂತ್ರಜ್ಞಾನ) ಕಾಯ್ದೆಯಡಿ ನೋಂದಣಿಯಾಗಿದೆಯೇ ನೋಡಿ. ಆ ಕಾಯ್ದೆ ಭ್ರೂಣ ಇಡಲು 10 ವರ್ಷದ ಮಿತಿ ಹಾಕಿದೆ. ಅಂಡಾಣುವಿನ ಅವಧಿ, ವರ್ಷದ ಬಾಡಿಗೆ ಎರಡನ್ನೂ ಬರೆಸಿಕೊಳ್ಳಿ. ಎಷ್ಟು ಬಲಿತ ಅಂಡಾಣು ಇಟ್ಟರು, ಯಾವ ಟ್ಯಾಂಕ್ ಎಂಬುದೂ ರಸೀದಿಯಲ್ಲಿರಲಿ. ಫೋನ್ ನಂಬರ್ ನಿಮ್ಮದೊಂದೇ ಕೊಡಬೇಡಿ, ಅಕ್ಕನದೋ ಅಮ್ಮನದೋ ಒಂದು ಸೇರಿಸಿ. ಕೀಮೋ ದಿನಗಳಲ್ಲಿ ನವೀಕರಣದ ಕರೆ ಬಂದರೆ ನೀವು ಎತ್ತಲಾರಿರಿ.