ಮೇಲಿನ ದೊಡ್ಡ ಅಕ್ಷರವೂ ಕಾಣದಿದ್ದಾಗ

ದೃಷ್ಟಿ ಅಳೆಯುವ ಕೆಲಸದಲ್ಲಿ ಚಾರ್ಟಿನ ಕೆಳಗಿನ ಸಾಲುಗಳು ನನಗೆ ಯಾವತ್ತೂ ತೊಂದರೆ ಕೊಟ್ಟಿಲ್ಲ. 6/6, ಅಂದರೆ ಸರಿಯಾದ ದೃಷ್ಟಿ ಇರುವವರು ಪಟಪಟ ಓದಿ ಎದ್ದು ಹೋಗುತ್ತಾರೆ. ಮೇಲಿನ ದೊಡ್ಡ ಅಕ್ಷರವೂ ಕಾಣುತ್ತಿಲ್ಲ ಅನ್ನುವವರ ಹತ್ತಿರ ಸಮಯ ಹಿಡಿಯುತ್ತದೆ. ಜಾಸ್ತಿ ಅವಸರ ನಡೆಯುವುದೂ ಅಲ್ಲೇ.

ನಾನು ಬಳಸುವುದು ಸ್ನೆಲೆನ್ ಚಾರ್ಟ್. 1862ರಿಂದ ಇರುವ ಪದ್ಧತಿ. ಕೂರಿಸುವುದು 6 ಮೀಟರ್ ದೂರದಲ್ಲಿ. 6/18 ಅಂದರೆ, ಸರಿಯಾಗಿರುವ ಕಣ್ಣು 18 ಮೀಟರ್‌ನಿಂದ ಓದುವ ಅಕ್ಷರ ಇವರಿಗೆ 6 ಮೀಟರ್‌ಗೆ ಬಂದಾಗಷ್ಟೇ ಕಂಡಿತು ಅಂತ. ಒಂದೊಂದೇ ಕಣ್ಣು ನೋಡುತ್ತೇನೆ. ಇನ್ನೊಂದನ್ನು ಅವರ ಬೆರಳಿಂದ ಮುಚ್ಚಲು ಬಿಡುವುದಿಲ್ಲ, ಸಂದಿಯಲ್ಲಿ ಇಣುಕುತ್ತಾರೆ. ಮಕ್ಕಳ ವಿಷಯವಂತೂ ಕೇಳಲೇಬೇಡಿ. ಕಣ್ಣು ಕಿರಿದು ಮಾಡಿ ನೋಡಿದರೂ ತಡೆಯುತ್ತೇನೆ. ಓದಲು ಬಾರದವರಿಗೆ ಇಂಗ್ಲಿಷ್ ‘E’ ಅಕ್ಷರದ ಚಾರ್ಟ್ ಇದೆ. ಅಕ್ಷರದ ಕಡ್ಡಿಗಳು ಯಾವ ಕಡೆಗಿವೆ ಅಂತ ಕೈಯಲ್ಲಿ ತೋರಿಸಿದರೆ ಸಾಕು.

ಸಾಲು ಮಧ್ಯದಲ್ಲೇ ನಿಂತರೆ ಪಿನ್‌ಹೋಲ್ ಹಿಡಿಯುತ್ತೇನೆ. ಕಣ್ಣಿನ ಮುಂದೆ ಹಿಡಿಯುವ ತಟ್ಟೆಯಲ್ಲಿ ಸುಮಾರು 1.2 ಮಿಲಿಮೀಟರ್‌ನ ತೂತು. ಅದರಲ್ಲಿ ಇನ್ನೆರಡು ಸಾಲು ಓದಿದರೆ, ಬಹುಪಾಲು ಕನ್ನಡಕದಿಂದ ಸರಿಹೋಗುವ ತೊಂದರೆ. ಏನೂ ಬದಲಾಗದಿದ್ದರೆ ಬೇರೆ ಕಾರಣ ಹುಡುಕಬೇಕು.

ಈಗ ಆ ದೊಡ್ಡ ಅಕ್ಷರದ ವಿಷಯ. 6/60 ಕಾಣಲಿಲ್ಲ ಅಂದ ತಕ್ಷಣ ಕೆಲವರು ಬೆರಳು ತೋರಿಸಿ ‘ಎಷ್ಟು?’ ಅಂತ ಕೇಳುತ್ತಾರೆ. ನನಗಿದು ಒಪ್ಪಿಗೆಯಿಲ್ಲ. ಬೆರಳಿನ ದಪ್ಪ ಬೇರೆ ಬೇರೆ, ಹಿಂದಿನ ಅಂಗಿಯ ಬಣ್ಣ ಬೇರೆ. ಎಷ್ಟು ದೂರದಿಂದ ತೋರಿಸಿದರು ಅಂತ ಚೀಟಿಯಲ್ಲಿ ಬರೆದೂ ಇರುವುದಿಲ್ಲ. ನಾನು ಅವರನ್ನೇ 3 ಮೀಟರ್‌ಗೆ ಕರೆಯುತ್ತೇನೆ. ಅಲ್ಲಿಂದ ಓದಿದರೆ 3/60. ಇಲ್ಲದಿದ್ದರೆ 1 ಮೀಟರ್‌ಗೆ, ಅದು 1/60. ಅದೂ ಆಗದಿದ್ದರೆ ಕೈ ಆಡಿಸಿ ಅದು ಕಾಣುತ್ತದೆಯೇ ಅಂತ ನೋಡುವುದು, ಕೊನೆಗೆ ಟಾರ್ಚ್ ಬೆಳಕಾದರೂ ತಿಳಿಯುತ್ತದೆಯೇ ಅಂತ. ಟಾರ್ಚ್ ಹಿಡಿಯುವಾಗ ಇನ್ನೊಂದು ಕಣ್ಣು ಪೂರ್ತಿ ಮುಚ್ಚಿರಬೇಕು, ಕೋಣೆ ಕತ್ತಲಾಗಿರಬೇಕು.

ಇಷ್ಟು ಹಠ ಯಾಕೆ ಅಂದರೆ ವರ್ಗೀಕರಣದ ಗೆರೆಗಳು ಇಲ್ಲೇ ಬೀಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 6/12ಕ್ಕಿಂತ ಕಡಿಮೆಯಾದರೆ ಅಲ್ಪ ದೋಷ, 6/18ಕ್ಕಿಂತ ಕಡಿಮೆಯಾದರೆ ಮಧ್ಯಮ, 6/60ಕ್ಕಿಂತ ಕಡಿಮೆಯಾದರೆ ತೀವ್ರ. 3/60ಕ್ಕಿಂತ ಕಡಿಮೆಯಾದರೆ ಅಂಧತ್ವ. ಸುಮ್ನೆ ‘ಬೆರಳು ಎಣಿಸುತ್ತಾರೆ’ ಅಂತ ಬರೆದರೆ ಆ ಮನುಷ್ಯ ಕೊನೆಯ ಗೆರೆಯ ಯಾವ ಕಡೆ ಇದ್ದಾರೆ ಅಂತ ಹೇಗೆ ಗೊತ್ತಾಗಬೇಕು?

ವರ್ಗ ನಿರ್ಧರಿಸುವಾಗ ಅವರು ದಿನವೂ ಹಾಕುವ ಕನ್ನಡಕ ಹಾಕಿಸಿಯೇ ನೋಡುತ್ತೇನೆ. ಕನ್ನಡಕವಿಲ್ಲದವರು ಹಾಗೆಯೇ. ಹೊಸ ನಂಬರ್ ಕೊಟ್ಟ ಮೇಲಿನ ದೃಷ್ಟಿಯನ್ನು ಬೇರೆಯಾಗಿ ಬರೆದಿಡುತ್ತೇನೆ. ಲೆಕ್ಕಕ್ಕೆ ಬರುವುದು ಚೆನ್ನಾಗಿ ಕಾಣುವ ಕಣ್ಣು. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು 6/9 ಇದ್ದವರು ಈ ವರ್ಗಗಳಲ್ಲಿ ಬರುವುದೇ ಇಲ್ಲ. ಇದನ್ನು ಹೇಳಿದಾಗ ಅವರಿಗೆ ಸಿಟ್ಟು ಬರುತ್ತದೆ. ಬರದೇ ಇರುತ್ತದೆಯೇ?

ಚಾರ್ಟಿಗೆ ಸಿಗದವರೂ ಇದ್ದಾರೆ. 6/9 ಸಾಲನ್ನು ನಿಧಾನಕ್ಕೆ ಓದುತ್ತಾರೆ, ಎದ್ದು ಹೊರಟಾಗ ಪಕ್ಕದ ಕುರ್ಚಿಗೆ ಎಡವುತ್ತಾರೆ. ನೇರ ಎದುರಿನದ್ದು ಕಾಣುತ್ತದೆ, ಸುತ್ತಲಿನದ್ದು ಇಲ್ಲ. ಚೆನ್ನಾಗಿರುವ ಕಣ್ಣಿನಲ್ಲೂ ನೋಟದ ನಡುವಿನಿಂದ ಸುತ್ತ 10 ಡಿಗ್ರಿಗಿಂತ ಆಚೆ ಕಾಣದಿದ್ದರೆ, ಎಷ್ಟೇ ಸಾಲು ಓದಿದರೂ ಅದು ಅಂಧತ್ವದ ವರ್ಗವೇ. ಅಂಥವರ ಚೀಟಿಯಲ್ಲಿ 6/9 ಅಂತ ಬರೆದು, ಅದರ ಕೆಳಗೇ ಫೀಲ್ಡ್ ಟೆಸ್ಟ್, ಅಂದರೆ ಸುತ್ತಲಿನ ನೋಟ ಅಳೆಯುವ ಪರೀಕ್ಷೆ, ಬೇಕು ಅಂತ ಸೇರಿಸುತ್ತೇನೆ.