ಮರುಭೂಮಿಯ ಗೂಬೆ ಮರಿಗಳಿಗೆ ಉಣಿಸಿದ್ದೇನು? ಪೆಲೆಟ್ ಬಿಡಿಸಿ ತಿಳಿಯುವ ಬಗೆ

ನಮ್ಮ ಬಯಲುಸೀಮೆಯ ಬಂಡೆಗಳಲ್ಲಿ ಕಾಣುವ ಕೊಂಬಿನ ಗೂಬೆ ಥಾರ್ ಮರುಭೂಮಿಯ ಕಲ್ಲುಗುಡ್ಡಗಳಲ್ಲೂ ಇದೆ. ಸಾಮಾನ್ಯವಾಗಿ ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಸಂತಾನದ ಕಾಲದಲ್ಲಿ ಗಂಡು ಬೇಟೆ ತರುತ್ತದೆ, ಹೆಣ್ಣು ಅದನ್ನು ಸಿಗಿದು ಮರಿಗಳಿಗೆ ಉಣಿಸುತ್ತದೆ. ಜೀರ್ಣವಾಗದ ಮೂಳೆ, ಕೂದಲು, ಗರಿಗಳು ಪೆಲೆಟ್ ಎಂಬ ಉಂಡೆಯಾಗಿ ಬಾಯಿಂದ ಹೊರಬೀಳುತ್ತವೆ.

ಇವನ್ನು ಸಂಗ್ರಹಿಸುವ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಮರಿಗಳಿರುವಾಗ ಗೂಡಿನ ಬಳಿ ಸುಳಿಯದೆ, ಗೂಬೆ ಹಗಲು ಕೂರುವ ಬಂಡೆಯಡಿಯ ಹಳೆಯ ಪೆಲೆಟ್‌ಗಳನ್ನು ಮೊದಲು ಗುಡಿಸಿ ತೆಗೆಯಿರಿ. ಇಲ್ಲವಾದರೆ ಮಳೆಗಾಲದ ಊಟವೂ ಈ ಲೆಕ್ಕಕ್ಕೆ ಸೇರುತ್ತದೆ. ಹೊಸದಾಗಿ ಬಿದ್ದವನ್ನು ದಿನಾಂಕ ಬರೆದ ಕಾಗದದ ಲಕೋಟೆಯಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೂಷ್ಟು ಹಿಡಿಯುತ್ತದೆ. ನುಸಿಯ ಹುಳುಗಳು ಸಾಯಲು ಕೆಲವು ದಿನ ಫ್ರೀಜರ್‌ನಲ್ಲಿಟ್ಟು, ಬಳಿಕ ಬೆಚ್ಚಗಿನ ನೀರಿನಲ್ಲಿ ನೆನೆಸಿ ಬಿಡಿಸಿ. ಕಾಸ್ಟಿಕ್ ಸೋಡಾದಿಂದ ಕೆಲಸ ಬೇಗ ಮುಗಿಯುವುದು ನಿಜ. ಆದರೆ ಗರಿ, ಕೂದಲುಗಳೂ ಕರಗುವುದರಿಂದ ಅದನ್ನು ಬಳಸಲೇಬೇಡಿ.

ಬಹುತೇಕರು ಎಡವುವುದು ಎಣಿಕೆಯಲ್ಲಿ. ತಲೆಬುರುಡೆಗಳನ್ನಷ್ಟೇ ಎಣಿಸಿ ಲೆಕ್ಕ ಮುಗಿಸುತ್ತಾರೆ. ತೆಳುವಾದ ಬುರುಡೆ ಒಡೆದಿರುತ್ತದೆ, ಎಷ್ಟೋ ಸಲ ತಲೆಯನ್ನು ಗಂಡೇ ತಿಂದಿರುತ್ತದೆ. ಆದ್ದರಿಂದ ಕೆಳದವಡೆಗಳನ್ನು ಚಿಮಟದಿಂದ ಹೆಕ್ಕಿ, ಜಾತಿವಾರು ಬೇರ್ಪಡಿಸಿ, ಎಡ ಮತ್ತು ಬಲದವನ್ನು ಎರಡು ತಟ್ಟೆಗಳಲ್ಲಿಡಿ. ಎಡ 7, ಬಲ 5 ಸಿಕ್ಕರೆ ಕನಿಷ್ಠ 7 ಪ್ರಾಣಿಗಳು. ಕೂಡಿಸಿ 12 ಎನ್ನಬಾರದು. ಬುರುಡೆಗಳು 8 ಇದ್ದರೆ 8 ಎಂದೇ ಬರೆಯಿರಿ. ಜಾತಿ ಹೇಳುವುದು ಹಲ್ಲು. ಜರ್ಬಿಲ್ ಇಲಿಯ ಮೇಲಿನ ಬಾಚಿಹಲ್ಲಿನ ಮುಂಭಾಗದಲ್ಲಿ ಉದ್ದನೆಯ ಗೀರು ಇರುತ್ತದೆ, ಮನೆ ಇಲಿಯ ಹಲ್ಲಿನಲ್ಲಿ ಇರುವುದಿಲ್ಲ. ಇಲಿಗಳಲ್ಲಿ ಬಾಚಿಹಲ್ಲಿಗೂ ದವಡೆಹಲ್ಲಿಗೂ ನಡುವೆ ಖಾಲಿ ಜಾಗವಿದ್ದರೆ, ಸೊಂಡಿಲಿಯ ಹಲ್ಲುಗಳು ಮೊನಚಾಗಿ ಒತ್ತಾಗಿರುತ್ತವೆ. ಇದಕ್ಕೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಅಕ್ಕಸಾಲಿಗರ ಭೂತಗನ್ನಡಿ ಸಾಕು. ಆಟಿಕೆ ಅಂಗಡಿಯ ದೀಪದ ಭೂತಗನ್ನಡಿಯಲ್ಲಿ ಗೀರು ಸ್ಪಷ್ಟವಾಗಿ ಕಾಣದಿರಬಹುದು.

ಪೆಲೆಟ್‌ನಲ್ಲಿ ಗೂಬೆ ತಿಂದ ಚೇಳಿನ ತುಣುಕುಗಳನ್ನು ಹುಡುಕಲು ಕತ್ತಲೆಯಲ್ಲಿ ನೇರಳಾತೀತ ಟಾರ್ಚ್ ಹಿಡಿಯಿರಿ, ಅವು ಹಸಿರು-ನೀಲಿಯಾಗಿ ಹೊಳೆಯುತ್ತವೆ.

ಕೊನೆಗೆ ಎಣಿಕೆಯ ಪಕ್ಕದಲ್ಲೇ ತೂಕದ ಅಂದಾಜನ್ನೂ ಬರೆಯಬೇಕು. ಹತ್ತಾರು ಜೀರುಂಡೆಗಳು ಸೇರಿದರೂ ಒಂದು ಜರ್ಬಿಲ್‌ನಷ್ಟು ಊಟವಾಗುವುದಿಲ್ಲ. ಮರಿಗಳು ಹಾರಿಹೋದ ಮೇಲೆ ಗೂಡಿನಲ್ಲಿ ಉಳಿದ ರೆಕ್ಕೆ, ದೊಡ್ಡ ಮೂಳೆಗಳನ್ನು ಪ್ರತ್ಯೇಕವಾಗಿ ದಾಖಲಿಸಿ. ಅಲ್ಲಿ ದೊಡ್ಡ ಬೇಟೆಯ ಅವಶೇಷಗಳೇ ಹೆಚ್ಚು ಉಳಿಯುವುದರಿಂದ, ಅವನ್ನು ಪೆಲೆಟ್‌ಗಳ ಪಟ್ಟಿಗೆ ಬೆರೆಸಬಾರದು.