ಅಮೆರಿಕಾದಲ್ಲಿ ಅಬಾರ್ಷನ್: ನೀವಿರೋ ಸ್ಟೇಟ್‌ನ ಕಾನೂನು ಓದ್ಕೊಳ್ಳೋದು ಹೇಗೆ?

ನಮ್ಮ ದೇಶದಲ್ಲಿ ಅಬಾರ್ಷನ್‌ಗೆ ಇರೋ ಕಾನೂನು, ಅಂದ್ರೆ ಎಂಟಿಪಿ ಕಾಯ್ದೆ, ಒಂದೇ, ಬೆಂಗಳೂರಲ್ಲಿದ್ರೂ ಪಾಟ್ನಾದಲ್ಲಿದ್ರೂ ಅದೇ ರೂಲು. ಅದೇ ಲೆಕ್ಕ ಇಟ್ಕೊಂಡು ಅಮೆರಿಕಾಕ್ಕೆ ಹೋದ ನಮ್ಮವರಿಗೆ ಗೊಂದಲ ಆಗೋದು ಸಹಜ. ಇಡೀ ಅಮೆರಿಕಾದಲ್ಲಿ ಅಬಾರ್ಷನ್ ಹಕ್ಕು ಕೊಟ್ಟಿದ್ದ 1973ರ ರೋ ವರ್ಸಸ್ ವೇಡ್ ತೀರ್ಪನ್ನ ಅಲ್ಲಿನ ಸುಪ್ರೀಂ ಕೋರ್ಟು 2022ರ ಜೂನ್ 24ಕ್ಕೆ ರದ್ದು ಮಾಡ್ತು, ಅವತ್ತಿಂದ ಒಂದೊಂದು ಸ್ಟೇಟಿಗೆ ಒಂದೊಂದು ಕಾನೂನು.

ಮೊದಲು ವಾರ ಸರಿಯಾಗಿ ಎಣಿಸಿ. ಸಾಮಾನ್ಯವಾಗಿ ಡಾಕ್ಟರ್ ಎಣಿಸೋದು ಕೊನೇ ಪೀರಿಯಡ್ ಶುರುವಾದ ದಿನದಿಂದ, ಗರ್ಭ ನಿಂತ ದಿನದಿಂದ ಅಲ್ಲ. ಅಂದ್ರೆ ಫ್ಲೋರಿಡಾ, ಜಾರ್ಜಿಯಾದಲ್ಲಿರೋ ಸುಮಾರು ಆರು ವಾರದ ಲಿಮಿಟ್ಟು ನಿಜವಾಗಿ ಮುಟ್ಟು ತಪ್ಪಿ ಎರಡೇ ವಾರ, ಸೈಕಲ್ ಏರುಪೇರಿರೋರಿಗೆ ಅಷ್ಟೊತ್ತಿಗೆ ಅನುಮಾನ ಕೂಡ ಬಂದಿರಲ್ಲ.

ಆಮೇಲೆ ನಿಮ್ಮ ಸ್ಟೇಟು ಎಲ್ಲಿ ಬರತ್ತೆ ನೋಡಿ. ಟೆಕ್ಸಾಸ್‌ನಲ್ಲಿ ಹೆಚ್ಚುಕಮ್ಮಿ ಪೂರ್ತಿ ನಿಷೇಧ, ನಾರ್ತ್ ಕ್ಯಾರೊಲಿನಾ 12 ವಾರ, ಕ್ಯಾನ್ಸಸ್ 22, ನ್ಯೂಯಾರ್ಕ್ 24, ಕ್ಯಾಲಿಫೋರ್ನಿಯಾದಲ್ಲಿ ಮಗು ಹೊರಗೆ ಬದುಕಬಲ್ಲ ಹಂತದವರೆಗೆ, ಕೊಲೊರಾಡೊ, ನ್ಯೂ ಮೆಕ್ಸಿಕೋದಲ್ಲಿ ಕಾನೂನಲ್ಲಿ ವಾರದ ಮಿತಿನೇ ಇಲ್ಲ.

ಎಲ್ಲರೂ ಇಲ್ಲಿಗೇ ನಿಲ್ಲಿಸಿಬಿಡ್ತಾರೆ, ಆದ್ರೆ ನನ್ನ ಪ್ರಕಾರ ಅಸಲಿ ವಿಷಯ ಇರೋದು ವಿನಾಯಿತಿಗಳಲ್ಲಿ. ಮಗುಗೆ ಗಂಭೀರ ತೊಂದರೆ ಇದೆ ಅಂತ ಗೊತ್ತಾಗೋದು ಬಹಳ ಸಲ 18–20 ವಾರದ ಸ್ಕ್ಯಾನಲ್ಲಿ, ಆಗ ಡಲ್ಲಾಸ್‌ನಲ್ಲಿರೋ ದಂಪತಿಗೆ ಟೆಕ್ಸಾಸ್ ಕಾನೂನಲ್ಲಿ ಆ ಕಾರಣಕ್ಕೆ ದಾರಿನೇ ಇಲ್ಲ, ತಾಯಿ ಜೀವಕ್ಕೆ ಅಪಾಯ ಅಥವಾ ದೇಹದ ಮುಖ್ಯ ಕೆಲಸಕ್ಕೆ ದೊಡ್ಡ ಹಾನಿ ಆಗೋ ಹಾಗಿದ್ರೆ ಮಾತ್ರ. ಅದೇ ನಾರ್ತ್ ಕ್ಯಾರೊಲಿನಾದಲ್ಲಿ ಮಗು ಉಳಿಯೋದು ಕಷ್ಟ ಅನ್ನೋ ಅಂಥ ದೋಷಕ್ಕೆ 24 ವಾರದವರೆಗೆ, ರೇಪ್ ಆಗಿದ್ರೆ 20ರವರೆಗೆ ಅವಕಾಶ ಇದೆ. ಅದಕ್ಕೇ ಸ್ಕ್ಯಾನ್ ಡೇಟು ಮುಂದಕ್ಕೆ ಹಾಕ್ಬೇಡಿ.

ಕಾಯೋ ಅವಧಿ ಇನ್ನೊಂದು ತಲೆನೋವು. ಫ್ಲೋರಿಡಾದಲ್ಲಿ ಖುದ್ದಾಗಿ ಹೋಗಿ ಮಾತಾಡಿ 24 ಗಂಟೆ, ನಾರ್ತ್ ಕ್ಯಾರೊಲಿನಾದಲ್ಲಿ 72 ಗಂಟೆ ಕಾಯ್ಬೇಕು, ಅಂದ್ರೆ ಎರಡು ಸಲ ಓಡಾಟ, ಎರಡು ಸಲ ರಜೆ. ಮಿತಿ ಹತ್ರ ಬಂದಿದ್ರೆ ಈ ದಿನಗಳನ್ನೂ ಸೇರಿಸಿ ಲೆಕ್ಕ ಹಾಕಿ.

ಬೇರೆ ಸ್ಟೇಟಿಗೆ ಹೋಗಿ ಮಾಡಿಸ್ಕೊಂಡ್ರೆ ಕೇಸಾಗತ್ತಾ ಅಂತ ಹೆದರೋರು ತುಂಬ ಜನ. ಟೆಕ್ಸಾಸ್ ನಿಷೇಧದಲ್ಲಿ ಶಿಕ್ಷೆ ಇರೋದು ಮಾಡಿದ ಡಾಕ್ಟರಿಗೆ, ಗರ್ಭಿಣಿಗಲ್ಲ, ಅಲ್ಲಿಂದ ನ್ಯೂ ಮೆಕ್ಸಿಕೋಗೆ ಹೋಗೋರು ಸಾಕಷ್ಟಿದ್ದಾರೆ.

ಹಳೇ ವಾಟ್ಸಾಪ್ ಮ್ಯಾಪ್ ಮಾತ್ರ ನಂಬಬೇಡಿ. ಅರಿಜೋನಾದಲ್ಲಿ 15 ವಾರ ಇತ್ತು, 2024ರ ನವೆಂಬರಲ್ಲಿ ಜನ ಓಟು ಹಾಕಿ ಅದನ್ನೇ ಬದಲಾಯಿಸಿದ್ರು, ಹಾಗಾಗಿ ಅಪಾಯಿಂಟ್‌ಮೆಂಟ್ ತಗೊಳ್ಳುವಾಗ್ಲೇ ಕ್ಲಿನಿಕ್‌ನವರನ್ನ ಇವತ್ತಿನ ರೂಲ್ ಏನು ಅಂತ ಕೇಳ್ಬಿಡಿ.